ಕಾನೂನಿನ ಮಾತು: ಬರೆಯದ ಶಾಸನ

'ಅಲಿಖಿತ ಶಾಸನ' ಎಂಬ ಮಾತು ಕನ್ನಡದ ಕಿವಿಗೆ ಸ್ವಲ್ಪ ವಿಚಿತ್ರವಾಗಿಯೇ ಕೇಳಿಸುತ್ತದೆ. ಶಾಸನವೆಂದೊಡನೆ ನಮ್ಮ ಕಣ್ಣೆದುರಿಗೆ ನಿಲ್ಲುವುದು ಹಲ್ಮಿಡಿಯ ಕಲ್ಲು, ದೇವಾಲಯದ ಗೋಡೆ, ತಾಮ್ರದ ತಗಡು. ಬರೆದದ್ದೇ ಶಾಸನ, ಅಳಿಸಲಾಗದಂತೆ ಬರೆದದ್ದು ಇನ್ನೂ ದೊಡ್ಡ ಶಾಸನ. ಹೀಗಿರುವಾಗ ಬರೆಯದ ಶಾಸನವೆಂಬುದು ಮೊಲದ ಕೊಂಬಿನಂತೆ ಇಲ್ಲದ ವಸ್ತುವಲ್ಲವೆ ಎಂದು ವಾಚಕರು ಕೇಳಬಹುದು.

ಮನೆಮಾತಿನಲ್ಲಂತೂ ಇದರ ಬಳಕೆಗೆ ಅಂಕೆಯೇ ಇಲ್ಲ. ಬಂದವರನ್ನು ಕಾಫಿ ಕೊಡದೆ ಕಳುಹಬಾರದೆಂಬುದು ನಮ್ಮ ಮನೆಯ ಅಲಿಖಿತ ಶಾಸನವೆನ್ನುತ್ತೇವೆ. ವಠಾರದ ನಲ್ಲಿಯ ಬಳಿ ಮೊದಲು ಕೊಡವಿಟ್ಟವರಿಗೆ ಮೊದಲು ನೀರೆಂಬುದು ಇನ್ನೊಂದು. ಇವು ಮರ್ಯಾದೆಯ ಮಾತುಗಳು. ಮುರಿದವರನ್ನು ನೆರೆಮನೆಯಾಕೆ ನಾಲ್ಕು ದಿನ ಮಾತನಾಡಿಸದಿರಬಹುದೇ ಹೊರತು, ಅಮೀನನು ಸಮನ್ಸು ತಂದು ಬಾಗಿಲು ತಟ್ಟುವುದಿಲ್ಲ. ಕಾನೂನಿನವರು ಅದೇ ಮಾತನ್ನಾಡುವಾಗ ಅಮೀನನೂ ಸಮನ್ಸೂ ಅದರ ಹಿಂದೆಯೇ ನಿಂತಿರುತ್ತಾರೆ. ಆದುದರಿಂದ ಈ ವಾರ ಈ ಒಂದು ಮಾತನ್ನೇ ಬಿಡಿಸಿ ನೋಡೋಣ. ಇದರ ಬಲದ ಮೇಲೆ ಮದುವೆಗಳು ನಿಂತಿವೆ. ಇದು ಕೈಕೊಟ್ಟು ಮುರಿದುಬಿದ್ದ ಮದುವೆಗಳೂ ಇವೆ.

ಮಾತಿನ ಮೂಲ ರೋಮಿನದು. ಜಸ್ಟಿನಿಯನ್ ಚಕ್ರವರ್ತಿಯು 533ರಲ್ಲಿ ಕಾನೂನಿನ ವಿದ್ಯಾರ್ಥಿಗಳಿಗಾಗಿ ಹೊರಡಿಸಿದ 'ಇನ್‌ಸ್ಟಿಟ್ಯೂಟ್ಸ್' ಎಂಬ ಪಠ್ಯದಲ್ಲಿ, ಕಾನೂನು ಬರೆದದ್ದೆಂದೂ ಬರೆಯದುದೆಂದೂ ಎರಡು ಬಗೆಯೆಂದು ಹೇಳಿದೆ. ಬಹುಕಾಲದ ಬಳಕೆಯಿಂದ ಜನರ ಒಪ್ಪಿಗೆಯನ್ನು ಪಡೆದ ಆಚಾರವೇ ಎರಡನೆಯದು. ವಕೀಲರ ಲ್ಯಾಟಿನ್ನಿನಲ್ಲಿ ಅದು 'ಲೆಕ್ಸ್ ನಾನ್ ಸ್ಕ್ರಿಪ್ಟಾ'. ಈ ವಿಭಾಗವನ್ನೇ ಇಂಗ್ಲೆಂಡಿನ ಬ್ಲ್ಯಾಕ್‌ಸ್ಟನ್ ಎಂಬ ಪಂಡಿತನು 1765ರಿಂದ 1769ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅನುಸರಿಸಿದನು. ಜನರು ತಪ್ಪು ತಿಳಿಯಬಾರದೆಂದು ಅಲ್ಲಿಯೇ ಒಂದು ಎಚ್ಚರಿಕೆಯನ್ನೂ ಕೊಟ್ಟನು. ಬರೆಯದ ಕಾನೂನೆಂದರೆ ಕೇವಲ ಬಾಯಿಂದ ಬಾಯಿಗೆ ಸಾಗಿಬಂದದ್ದಲ್ಲ. ಅದು ನ್ಯಾಯಾಲಯಗಳ ಕಡತಗಳಲ್ಲಿದೆ, ತೀರ್ಪಿನ ಸಂಪುಟಗಳಲ್ಲಿದೆ. ಆದರೆ ಇಂಥ ದಿನ ಇಂಥ ಸಭೆಯು ಕುಳಿತು ರಚಿಸಿತೆಂದು ತೋರಿಸಲು ಅದಕ್ಕೊಂದು ಮೂಲಪತ್ರವಿಲ್ಲ. 'ಬರೆಯದ' ಎಂಬ ವಿಶೇಷಣವು ಅದರ ಹುಟ್ಟಿಗೆ ಸಂಬಂಧಿಸಿದ್ದು. ಕರ್ತೃವಿಲ್ಲದ ಕಾನೂನು ಎಂದು ಅನುವಾದಿಸಿದ್ದರೆ ನಮಗೆ ಇಷ್ಟು ಗೊಂದಲವಿರುತ್ತಿರಲಿಲ್ಲವೇನೋ.

ಇಂಥ ಆಚಾರವು ಎಷ್ಟು ಹಳೆಯದಿರಬೇಕು? ನೆನಪಿಗೆ ನಿಲುಕದಷ್ಟು ಎಂದರು ಇಂಗ್ಲಿಷರು. ಅಷ್ಟಕ್ಕೇ ಬಿಡದೆ ಆ ನೆನಪಿಗೂ ಒಂದು ವರ್ಷವನ್ನು ಗೊತ್ತುಮಾಡಿದರು. ಒಂದನೆಯ ರಿಚರ್ಡನು ಪಟ್ಟಕ್ಕೆ ಬಂದ 1189ನೆಯ ಇಸವಿಗೆ ಹಿಂದಿನದೆಲ್ಲ ಅವರ ಪಾಲಿಗೆ ಅನಾದಿ. ಅನಾದಿಗೂ ಆರಂಭದ ವರ್ಷವನ್ನು ನಿಗದಿಪಡಿಸಿದ ಜನರ ಅಚ್ಚುಕಟ್ಟಿಗೆ ತಲೆದೂಗಬೇಕು. ಪುಣ್ಯಕ್ಕೆ ಆ ವರ್ಷ ನಮ್ಮನ್ನು ಕಟ್ಟಿಹಾಕಿಲ್ಲ. ಇಂಗ್ಲಿಷರ ಈ ಕಟ್ಟುನಿಟ್ಟು ಇಂಡಿಯದ ಪರಿಸ್ಥಿತಿಗೆ ಹಾಗೆಯೇ ಅನ್ವಯಿಸದೆಂದು ನಮ್ಮ ಸುಪ್ರೀಂ ಕೋರ್ಟು 1952ರಲ್ಲಿ ಪಂಜಾಬಿನ ಮೊಕದ್ದಮೆಯೊಂದರಲ್ಲಿ ಹೇಳಿತು. ಆ ಪ್ರದೇಶದವರೆಲ್ಲ ಒಮ್ಮತದಿಂದ ತಮ್ಮನ್ನು ಆಳುವ ನಿಯಮವೆಂದು ಒಪ್ಪಿ ನಡೆಯುವಷ್ಟು ದೀರ್ಘಕಾಲದ ಬಳಕೆಯಿದ್ದರೆ ಸಾಕು.

ಮುಂದೆ ಹೋಗುವ ಮುನ್ನ ಒಂದು ಅಪಪ್ರಯೋಗವನ್ನು ತೊಲಗಿಸಿಬಿಡೋಣ. ಹೆಂಡತಿಯ ಪ್ರಿಯಕರನನ್ನು ಗಂಡನು ಕೊಂದರೆ ಅವನನ್ನು ಶಿಕ್ಷಿಸಬಾರದೆಂಬುದು 'ಅಲಿಖಿತ ಶಾಸನ'ವೆಂದು ಕತೆಗಳಲ್ಲಿ, ಚಲನಚಿತ್ರಗಳಲ್ಲಿ ಬರುತ್ತದೆ. ಈ ಅರ್ಥವು ಅಮೆರಿಕದಲ್ಲಿ ಬೆಳೆದದ್ದು. 1859ರಲ್ಲಿ ವಾಷಿಂಗ್ಟನ್ನಿನಲ್ಲಿ ಸಿಕಲ್ಸ್ ಎಂಬ ಕಾಂಗ್ರೆಸ್ ಸದಸ್ಯನು ಹಾಡುಹಗಲು ಹೀಗೆ ಕೊಲೆಮಾಡಿಯೂ ಜ್ಯೂರಿಯ ಕೃಪೆಯಿಂದ ಬಿಡುಗಡೆ ಹೊಂದಿದನು. ಸರಿಯಾಗಿ ನೂರು ವರ್ಷಗಳ ಬಳಿಕ, 1959ರಲ್ಲಿ, ಮುಂಬಯಿಯ ನಾನಾವತಿ ಮೊಕದ್ದಮೆಯಲ್ಲಿಯೂ ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಆರೋಪಿಯು ನಿರ್ದೋಷಿಯೆಂದರು. ಸೆಷನ್ಸ್ ನ್ಯಾಯಾಧೀಶರು ಒಪ್ಪಲಿಲ್ಲ. ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದು ಜನರ ಅನುಕಂಪ. ಅದಕ್ಕೆ ಕಾನೂನಿನ ಪಟ್ಟ ಯಾವ ಕಾಲಕ್ಕೂ ಸಿಕ್ಕಿಲ್ಲ.

ನಿಜವಾದ ಅಲಿಖಿತ ಶಾಸನಕ್ಕೆ ನಮ್ಮಲ್ಲಿ ಸೊಗಸಾದ ಹೆಸರುಗಳಿವೆ: ರೂಢಿ, ವಾಡಿಕೆ, ಆಚಾರ, ಪದ್ಧತಿ, ಕಟ್ಟುಕಟ್ಟಳೆ. ಇದರ ವಿಚಾರದಲ್ಲಿ ನಾವು ರೋಮಿಗೂ ಲಂಡನ್ನಿಗೂ ಹೋಗಿ ಪಾಠ ಹೇಳಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಬೌಧಾಯನ ಧರ್ಮಸೂತ್ರದಲ್ಲಿ ದಕ್ಷಿಣದವರ ಐದು ವಿಶಿಷ್ಟ ಆಚಾರಗಳ ಪಟ್ಟಿಯಿದೆ. ಹೆಂಡತಿಯೊಡನೆ ಕುಳಿತು ಉಣ್ಣುವುದು, ತಂಗಳನ್ನು ತಿನ್ನುವುದು ಇವುಗಳ ಜೊತೆಗೆ ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವುದು ಅದರಲ್ಲಿ ಸೇರಿದೆ. ಉತ್ತರದವರಿಗೂ ಅವರದೇ ಐದು: ಉಣ್ಣೆ ಮಾರುವುದು, ಮದ್ಯ ಕುಡಿಯುವುದು, ಸಮುದ್ರಯಾನ ಇತ್ಯಾದಿ. ಅವರವರ ದೇಶದಲ್ಲಿ ಅವರವರ ಆಚಾರವೇ ಪ್ರಮಾಣ. ಇಲ್ಲಿಯದನ್ನು ಅಲ್ಲಿ ಮಾಡಿದರೆ ದೋಷ ಎಂಬುದೊಂದು ಮತ. ಗೌತಮರಿಗೆ ಇದು ಸಮ್ಮತವಲ್ಲವೆಂಬುದನ್ನೂ ಅಲ್ಲಿಯೇ ಹೇಳಿದೆ. ಎರಡು ಸಾವಿರ ವರ್ಷಗಳ ಮೇಲೆಯೂ ಅದೇ ವಾದ ದೆಹಲಿಯ ನ್ಯಾಯಾಲಯದಲ್ಲಿ ಎದ್ದುದನ್ನು ಮುಂದೆ ನೋಡುವೆವು.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರನು ಇನ್ನೂ ಧೈರ್ಯದ ಮಾತನ್ನಾಡಿದ್ದಾನೆ. ತಂದೆಯ ಆಸ್ತಿಯಲ್ಲಿ ಹಿರಿಯ ಮಗನಿಗೆ ಹೆಚ್ಚಿನ ಪಾಲೆಂದು ಹಳೆಯ ಸ್ಮೃತಿಗಳಲ್ಲಿ ಇರುವುದನ್ನು ಅವನು ಅಲ್ಲಗಳೆಯಲಿಲ್ಲ. ಇದ್ದರೇನು, ಜನರು ಅದನ್ನು ಹಳಿಯುತ್ತಾರೆ, ಲೋಕಕ್ಕೆ ಒಲ್ಲದುದನ್ನು ಆಚರಿಸಬಾರದು ಎಂದು ಬದಿಗೆ ಸರಿಸಿದನು. ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಹುಟ್ಟಿದ ಆ ಗ್ರಂಥ ಇಂಡಿಯದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯ ಹಂಚಿಕೆಯನ್ನು ಶತಮಾನಗಳ ಕಾಲ ಆಳಿತು.

ಇಂಗ್ಲಿಷರ ನ್ಯಾಯಾಸ್ಥಾನಗಳು ಬಂದಾಗ ಈ ವಾದಕ್ಕೆ ಹೊಸ ರೂಪ ಬಂತು. ರಾಮನಾಡಿನ ಜಮೀನುದಾರನು ಗಂಡುಸಂತಾನವಿಲ್ಲದೆ ತೀರಿಕೊಂಡಿದ್ದನು. ಅವನ ವಿಧವೆ ಗಂಡನ ಅಪ್ಪಣೆಯಿಲ್ಲದೆ, ದಾಯಾದಿಗಳ ಒಪ್ಪಿಗೆಯ ಮೇಲೆ, ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡಳು. ಈ ದತ್ತು ನಿಲ್ಲದೆಂದೂ ವಾರಸುದಾರರಿಲ್ಲದ ಆಸ್ತಿ ಸರಕಾರಕ್ಕೆ ಸೇರಬೇಕೆಂದೂ ಮಧುರೆಯ ಕಲೆಕ್ಟರರು ಹೂಡಿದ ವಾದ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. 1868ರಲ್ಲಿ ಕೌನ್ಸಿಲು ದತ್ತುವನ್ನು ಎತ್ತಿಹಿಡಿಯಿತು. ಹಿಂದೂ ಧರ್ಮಶಾಸ್ತ್ರದಲ್ಲಿ, ರೂಢಿಯು ಸ್ಪಷ್ಟವಾಗಿ ರುಜುವಾತಾದರೆ ಬರೆದ ಶಾಸ್ತ್ರವಚನಕ್ಕಿಂತ ಅದೇ ಹೆಚ್ಚು ತೂಕದ್ದು ಎಂಬುದು ಆ ತೀರ್ಪಿನ ಸಾರ. ಶಾಸ್ತ್ರಕ್ಕಿಂತ ರೂಢಿ ಬಲವಾದುದೆಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಇದನ್ನೇ. ಆದರೆ ವಾಚಕರು 'ಸ್ಪಷ್ಟವಾಗಿ ರುಜುವಾತಾದರೆ' ಎಂಬಲ್ಲಿ ಕಣ್ಣು ನಿಲ್ಲಿಸಬೇಕು. ನಮ್ಮ ಹಿರಿಯರ ಮಾತಿನಲ್ಲಿ ಇಲ್ಲದ ಷರತ್ತು ಅದು. ಅಲ್ಲಿಂದೀಚೆಗೆ ರೂಢಿಯಲ್ಲಿ ಬಾಳಿದರಷ್ಟೇ ಸಾಲದಾಯಿತು, ಬಾಳಿದೆವೆಂದು ತೋರಿಸಬೇಕಾಯಿತು.

ಇನ್ನು ನಮ್ಮ ಮನೆಗಳ ಮಾತಿಗೆ ಬರೋಣ. 1955ರ ಮೇ 18ರಂದು ಹಿಂದೂ ವಿವಾಹ ಅಧಿನಿಯಮವು ಜಾರಿಗೆ ಬಂತು. ಅದರ ಪ್ರಕಾರ ಸೋದರಮಾವ ಮತ್ತು ಅಕ್ಕನ ಮಗಳು, ಅಣ್ಣ ಮತ್ತು ತಂಗಿಯ ಮಕ್ಕಳು, ಇವರೆಲ್ಲ ಪರಸ್ಪರ ಮದುವೆಯಾಗಬಾರದ ನಿಷಿದ್ಧ ಸಂಬಂಧಿಗಳು. ಮದುವೆಯಾದರೆ ಆ ಮದುವೆ ಮೊದಲಿನಿಂದಲೇ ಶೂನ್ಯ. ಮೇಲಾಗಿ ಒಂದು ತಿಂಗಳವರೆಗೆ ಸಾದಾ ಕಾರಾಗೃಹವಾಸ, ಇಲ್ಲವೆ 1,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಇದನ್ನೋದಿದ ಕನ್ನಡನಾಡಿನ ಅನೇಕ ಗೃಹಸ್ಥರು ತಮ್ಮ ಹೆಂಡತಿಯತ್ತ ಒಮ್ಮೆ ತಿರುಗಿ ನೋಡಬಹುದು. ಗಾಬರಿಗೆ ಕಾರಣವಿಲ್ಲ. ಅದೇ ಕಲಮಿನಲ್ಲಿ ಒಂದು ಪುಟ್ಟ ಬಾಗಿಲನ್ನು ತೆರೆದಿಟ್ಟಿದೆ: ವಧೂವರರಲ್ಲಿ ಪ್ರತಿಯೊಬ್ಬರಿಗೂ ಅನ್ವಯಿಸುವ ರೂಢಿಯು ಇಂಥ ಮದುವೆಗೆ ಒಪ್ಪಿಗೆ ಕೊಡುವುದಾದರೆ ಈ ನಿಷೇಧ ಇಲ್ಲ. ಸಪಿಂಡರ ಮದುವೆಗೂ ಇದೇ ಮಾತು. ಪಾರ್ಲಿಮೆಂಟು ಮುಚ್ಚಿದ ಬಾಗಿಲಿನ ಬೀಗದ ಕೈಯನ್ನು ಹೀಗೆ ಅಲಿಖಿತ ಶಾಸನದ ಕೈಯಲ್ಲಿ ಕೊಟ್ಟಿದೆ.

ಎಂಥ ರೂಢಿ? ಅಧಿನಿಯಮವೇ ಅದರ ಲಕ್ಷಣವನ್ನು ಹೇಳುತ್ತದೆ. ಒಂದು ಪ್ರದೇಶ, ಬುಡಕಟ್ಟು, ಸಮುದಾಯ, ಗುಂಪು ಅಥವಾ ಕುಟುಂಬದಲ್ಲಿ ಬಹುಕಾಲ ಎಡೆಬಿಡದೆ, ಒಂದೇ ರೀತಿಯಲ್ಲಿ ನಡೆದುಬಂದು ಕಾನೂನಿನ ಬಲವನ್ನು ಪಡೆದಿರಬೇಕು. ಖಚಿತವಾಗಿರಬೇಕು. ನ್ಯಾಯಬುದ್ಧಿಗೆ ಒಪ್ಪದುದೂ ಸಾರ್ವಜನಿಕ ನೀತಿಗೆ ವಿರುದ್ಧವಾದುದೂ ಆಗಿರಬಾರದು. ಒಂದೇ ಕುಟುಂಬದ ರೂಢಿಯಾದರೆ ಆ ಕುಟುಂಬವು ಅದನ್ನು ನಡುವೆ ಕೈಬಿಟ್ಟಿರಬಾರದು. (ಕಚೇರಿಗಳಲ್ಲಿ ನಾವು ಸಲ್ಲಿಸುವ 'ಮಾಮೂಲು' ಎಂಬುದೂ ಮೂಲದಲ್ಲಿ ವಾಡಿಕೆಯೆಂಬ ಅರ್ಥದ ಅರಬ್ಬಿ ಮಾತೇ. ಅದು ಬಹುಕಾಲದ್ದು, ಎಡೆಬಿಡದೆ ನಡೆದುಬಂದದ್ದು, ದರ ಕೂಡ ಖಚಿತ. ಸಾರ್ವಜನಿಕ ನೀತಿ ಎಂಬ ಕೊನೆಯ ವಿಷಯದಲ್ಲಿ ಮಾತ್ರ ನಪಾಸು.)

ಕಷ್ಟವಿರುವುದು 'ಪ್ರತಿಯೊಬ್ಬರಿಗೂ' ಎಂಬ ಪದದಲ್ಲಿ. ಹುಡುಗನ ಕಡೆಯಲ್ಲಿ ತಲತಲಾಂತರದಿಂದ ಇಂಥ ಮದುವೆಗಳು ನಡೆದಿದ್ದರೆ ಸಾಲದು. ಹುಡುಗಿಯನ್ನು ಆಳುವ ರೂಢಿಯೂ ಅದಕ್ಕೆ ಒಪ್ಪಬೇಕು. ಒಂದೇ ಊರಿನ ಒಂದೇ ಬಳಗದ ಸಂಬಂಧಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಮಗಳು ಪುಣೆಯಲ್ಲಿ, ಅಳಿಯ ಉತ್ತರದೇಶದವನು, ಮೊಮ್ಮಗಳಿಗೆ ಊರಿನ ಸೋದರಮಾವನ ಸಂಬಂಧ ಎಂಬ ಕಾಲದಲ್ಲಿ ಏಳುತ್ತದೆ.

ದೆಹಲಿಯ ಹೆಂಗಸೊಬ್ಬರಿಗೆ ಆದುದನ್ನು ನೋಡಿ. ಅವರ ಗಂಡನು ತಾವಿಬ್ಬರೂ ಸಪಿಂಡರೆಂದು ಹೇಳಿ ನ್ಯಾಯಾಲಯಕ್ಕೆ ಹೋದನು. ಇಂಥ ಮದುವೆಗೆ ಒಪ್ಪುವ ರೂಢಿಯಿದೆಯೆಂದು ಸ್ಥಾಪಿಸಲು ಆಕೆಗೆ ಸಾಧ್ಯವಾಗಲಿಲ್ಲ; 2007ರಲ್ಲಿ ಮದುವೆ ಶೂನ್ಯವೆಂದು ತೀರ್ಪಾಯಿತು. ಎರಡು ಕಡೆಯ ಹಿರಿಯರೂ ಸೇರಿ ನಡೆಸಿದ ಮದುವೆ, ಅವನ ಮನೆಯವರೇ ಮುಂದೆ ನಿಂತು ಮಾಡಿದ ಸಂಬಂಧ, ಈಗ ಅವನೇ ಇಲ್ಲವೆನ್ನಬಹುದೇ ಎಂದು ಆಕೆ ಆ ಕಲಮಿನ ಸಿಂಧುತ್ವವನ್ನೇ ಪ್ರಶ್ನಿಸಿದರು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟು ಆ ಅರ್ಜಿಯನ್ನು ವಜಾ ಮಾಡಿತು. ಕಾನೂನಿನ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಆದರೂ ಮದುವೆಯ ದಿನ ನೂರಾರು ಜನರಿಗೆ ಗೊತ್ತಿದ್ದ ನಂಟು, ಬೇಡವಾದ ದಿನ ಒಬ್ಬನಿಗೆ ಆಯುಧವಾಯಿತೆಂಬುದು ಮನಸ್ಸಿನಲ್ಲಿ ಉಳಿಯುತ್ತದೆ. ಮಕ್ಕಳ ವಿಷಯದಲ್ಲಿ ಮಾತ್ರ ಅಧಿನಿಯಮ ಕರುಣೆ ತೋರಿದೆ: ಮದುವೆ ಶೂನ್ಯವಾದರೂ ಆ ಮದುವೆಯ ಮಕ್ಕಳು ನ್ಯಾಯಸಮ್ಮತ ಮಕ್ಕಳೇ.

ಹಾಗಾದರೆ ರುಜುವಾತು ಮಾಡುವುದು ಹೇಗೆ? ನಮ್ಮಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಾರೆಂದು ಕಟಕಟೆಯಲ್ಲಿ ನಿಂತು ಹೇಳಿದರೆ ನ್ಯಾಯಾಧೀಶರು ಕೇಳುವ ಮರುಪ್ರಶ್ನೆ, ಯಾರು, ಯಾವಾಗ ಎಂಬುದು. ರೂಢಿಯನ್ನು ಬಲ್ಲವರಾಗಿರಬಹುದಾದವರ ಅಭಿಪ್ರಾಯವು ಸಾಕ್ಷ್ಯವಾಗುತ್ತದೆಂದು 1872ರ ಸಾಕ್ಷ್ಯ ಕಾಯಿದೆ ಹೇಳಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಬಳಗದ ಹಿರಿಯರು ಬೇಕು. ಹಿಂದೆ ನಡೆದ ಇಂಥ ಮದುವೆಗಳ ನಿದರ್ಶನಗಳು ಬೇಕು. ವಂಶವೃಕ್ಷ, ಹಳೆಯ ಪತ್ರಗಳು ಬೇಕು. ಸಾರ್ವಜನಿಕ ರೂಢಿಯ ವಿಷಯದಲ್ಲಿ, ವಿವಾದ ಹುಟ್ಟುವ ಮೊದಲೇ ಆಡಿದ್ದರೆ, ತೀರಿಹೋದವರ ಮಾತಿಗೂ ಅಲ್ಲಿ ಎಡೆಯುಂಟು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಅರಿಶಿನ ಮಾಸಿದ ಲಗ್ನಪತ್ರಿಕೆಗಳಿದ್ದರೆ ದೀಪಾವಳಿಯ ಸ್ವಚ್ಛತೆಯ ಉತ್ಸಾಹದಲ್ಲಿ ಅವನ್ನು ರದ್ದಿಯವನಿಗೆ ಹಾಕದಿರುವುದು ಲೇಸು. ಅಜ್ಜಿಗೆ ಯಾರ ಮಗಳನ್ನು ಯಾರು ತಂದರೆಂಬುದೆಲ್ಲ ಬಾಯಲ್ಲಿರುತ್ತದೆ, ಕೇಳಿ ಬರೆದಿಟ್ಟುಕೊಳ್ಳಬಹುದು.

ವಿಶೇಷ ವಿವಾಹ ಅಧಿನಿಯಮದ ಕೆಳಗೆ ರಿಜಿಸ್ಟ್ರಾರರ ಎದುರಿನಲ್ಲಿ ಮದುವೆಯಾಗುವವರ ಪಾಡು ಇನ್ನೂ ಸ್ವಾರಸ್ಯದ್ದು. 1963ರ ತಿದ್ದುಪಡಿಯಂತೆ ಅಲ್ಲಿ ವಧೂವರರಲ್ಲಿ ಒಬ್ಬರ ರೂಢಿ ಒಪ್ಪಿದರೂ ಸಾಕು. ಆದರೆ ಆ ರೂಢಿಯನ್ನು ರಾಜ್ಯ ಸರಕಾರವು ಗೆಜೆಟ್ಟಿನಲ್ಲಿ ಅಧಿಸೂಚನೆ ಹೊರಡಿಸಿ ನಮೂದಿಸಿರಬೇಕು! ಅಲಿಖಿತ ಶಾಸನವನ್ನು ಅಚ್ಚುಹಾಕಿಸಿದರೆ ಮಾತ್ರ ಅಲಿಖಿತ ಶಾಸನವೆಂದು ಒಪ್ಪುವ ಈ ಚಮತ್ಕಾರವನ್ನು ಬ್ಲ್ಯಾಕ್‌ಸ್ಟನ್ನನು ನೋಡಿದ್ದರೆ ಏನೆನ್ನುತ್ತಿದ್ದನೋ.

ಮದುವೆಯ ವಿಧಿಗಳೂ ರೂಢಿಗೆ ಸೇರಿದವು. ವಧುವಿನ ಅಥವಾ ವರನ ಕಡೆಯ ರೂಢಿಯಂತೆ ವಿಧಿಗಳು ನಡೆದಿದ್ದರೆ ಮದುವೆ ಮದುವೆಯೇ. ಸಪ್ತಪದಿಯು ಆ ರೂಢಿಯ ಅಂಗವಾಗಿದ್ದರೆ ಮಾತ್ರ ಏಳನೆಯ ಹೆಜ್ಜೆಯ ಮಾತು. ಇದರಿಂದ ಎಷ್ಟೋ ಬಡ ಸಮುದಾಯಗಳ ಸರಳ ಮದುವೆಗಳಿಗೆ ರಕ್ಷಣೆ ದೊರೆತಿದೆ. ಇದರ ಇನ್ನೊಂದು ಮಗ್ಗುಲು ಕಹಿಯಾದದ್ದು. ಮಹಾರಾಷ್ಟ್ರದಲ್ಲಿ ಹೆಂಡತಿಯಿರುವಾಗಲೇ ಎರಡನೆಯವಳನ್ನು ಕಟ್ಟಿಕೊಂಡವನೊಬ್ಬನಿಗೆ ಶಿಕ್ಷೆಯಾಗಿತ್ತು. 1965ರಲ್ಲಿ ಸುಪ್ರೀಂ ಕೋರ್ಟು ಅವನನ್ನು ಬಿಟ್ಟಿತು. ಎರಡನೆಯ ಮದುವೆಯಲ್ಲಿ ಹೋಮ, ಸಪ್ತಪದಿ ನಡೆದಿರಲಿಲ್ಲ. ಅವಿಲ್ಲದೆಯೇ ಮದುವೆಯಾಗುವ ರೂಢಿ ಆ ಸಮುದಾಯದಲ್ಲಿದೆಯೆಂದು ಯಾರೂ ರುಜುವಾತು ಮಾಡಿರಲಿಲ್ಲ. ಎರಡನೆಯದು ಮದುವೆಯೇ ಅಲ್ಲವಾದ ಮೇಲೆ ಎರಡು ಮದುವೆಯ ಅಪರಾಧವೆಲ್ಲಿ? ಮೊದಲ ಹೆಂಡತಿಯು ಎರಡನೆಯವಳ ಮದುವೆ ಶಾಸ್ತ್ರೋಕ್ತವಾಗಿತ್ತೆಂದು ಸಾಧಿಸಬೇಕಾದ ವಿಪರ್ಯಾಸ ಇದು.

ಇದೇ ಜಾಗದಲ್ಲಿ ಇನ್ನೊಂದು ಎಚ್ಚರಿಕೆ. ಕೆಲವು ಸಮುದಾಯಗಳಲ್ಲಿ ಹಿರಿಯರ ಮುಂದೆ ಬಿಡುಗಡೆ ಪತ್ರ ಬರೆದು ಮದುವೆ ಮುರಿಯುವ ರೂಢಿಯುಂಟು. ಉತ್ತರ ಕರ್ನಾಟಕದ ಕಡೆ ಅದನ್ನು ಸೋಡಚೀಟಿ ಎನ್ನುತ್ತಾರೆ. ಅಂಥ ಹಕ್ಕನ್ನು 1955ರ ಅಧಿನಿಯಮ ಕಿತ್ತುಕೊಂಡಿಲ್ಲ. ಅದನ್ನು ಕೇಳಿ, ಯಾವ ರೂಢಿಯೂ ಇಲ್ಲದವರು ಕೂಡ ಛಾಪಾ ಕಾಗದದ ಮೇಲೆ ಇಬ್ಬರ ರುಜು ಹಾಕಿಸಿ ಮದುವೆ ಮುಗಿಯಿತೆಂದುಕೊಂಡು ಮತ್ತೊಂದು ಸಂಬಂಧ ನೋಡುವುದುಂಟು. ಛಾಪಾ ಕಾಗದಕ್ಕೆ ಆ ಶಕ್ತಿಯಿಲ್ಲ. ರೂಢಿಯ ವಿಚ್ಛೇದನವು ಸಾಮಾನ್ಯ ಕಾನೂನಿಗೆ ಒಂದು ಅಪವಾದ. ಅದನ್ನು ಹೇಳುವವರು ಮನವಿಯಲ್ಲಿಯೇ ಸ್ಪಷ್ಟವಾಗಿ ನಮೂದಿಸಿ ಸಾಧಿಸಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿ, ಅಂಥ ಮೊಕದ್ದಮೆಯೊಂದನ್ನು ಮತ್ತೆ ಮೊದಲಿನಿಂದ ವಿಚಾರಿಸಲು ಕೆಳಗಿನ ನ್ಯಾಯಾಲಯಕ್ಕೆ ಹಿಂದಿರುಗಿಸಿತು.

ಪ್ರತಿ ಸಲವೂ ಹೀಗೆ ಸಾಕ್ಷಿಗಳ ಮೆರವಣಿಗೆ ಬೇಕೆ? ಬೇಕಿಲ್ಲ. ಒಂದೇ ರೂಢಿಯು ಮೇಲಿಂದ ಮೇಲೆ ನ್ಯಾಯಾಲಯಗಳ ಮುಂದೆ ಬಂದು ಅಂಗೀಕೃತವಾದರೆ, ಆಮೇಲೆ ಬೇರೆ ರುಜುವಾತಿಲ್ಲದೆ ಅದನ್ನು ಕಾನೂನೆಂದೇ ತಿಳಿಯಬಹುದೆಂದು 1918ರಲ್ಲಿ ಪ್ರಿವಿ ಕೌನ್ಸಿಲು ಪೀಠಾಪುರದ ಜಮೀನುದಾರಿಯ ಮೊಕದ್ದಮೆಯಲ್ಲಿ ಹೇಳಿದೆ. ಇದಕ್ಕೊಂದು ಬೆಲೆಯೂ ಉಂಟು. ತೀರ್ಪಿನ ಪುಸ್ತಕದೊಳಗೆ ಹೋದ ರೂಢಿ ಅಲ್ಲಿಯೇ ಗಟ್ಟಿಯಾಗಿ ಕುಳಿತುಬಿಡುತ್ತದೆ. ದಕ್ಷಿಣ ಕನ್ನಡದ ಅಳಿಯಸಂತಾನವನ್ನು ನೋಡಿರಿ. ಭೂತಾಳ ಪಾಂಡ್ಯನು ವಿಧಿಸಿದನೆಂಬ ಐತಿಹ್ಯವಿರುವ ಆ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಪೀಳಿಗೆಯಲ್ಲಿ ಇಳಿಯುತ್ತಿತ್ತು. ಕುಟುಂಬದ ಒಬ್ಬರು ಒತ್ತಾಯದಿಂದ ಪಾಲು ಕೇಳುವಂತಿಲ್ಲವೆಂದು ಮದರಾಸು ಹೈಕೋರ್ಟು 1863ರಲ್ಲಿ ತೀರ್ಪಿತ್ತಿತು. ಮನೆತನಗಳು ಬೆಳೆದವು, ಕವರುಗಳು ಕವಲೊಡೆದವು, ಮನಸ್ತಾಪಗಳೂ ಬೆಳೆದವು; ಪಾಲು ಕೇಳುವ ಹಕ್ಕು ಕೊಡಲು 1949ರ ಮದರಾಸು ಅಳಿಯಸಂತಾನ ಅಧಿನಿಯಮವೇ ಬರಬೇಕಾಯಿತು. ಜನರ ಕೈಯಲ್ಲಿದ್ದರೆ ಮೆಲ್ಲನೆ ಬದಲಾಗಬಹುದಾಗಿದ್ದುದು ವರದಿಯಲ್ಲಿ ಸಿಕ್ಕಿಕೊಂಡಿತು ಎಂದು ನನಗೆ ತೋರುತ್ತದೆ.

ಸಂವಿಧಾನದ 13ನೆಯ ಅನುಚ್ಛೇದವು ಕಾನೂನಿನ ಬಲವುಳ್ಳ ರೂಢಿಯನ್ನೂ 'ಕಾನೂನು' ಎಂಬ ಮಾತಿನೊಳಗೆ ಸೇರಿಸಿದೆ. ಆದುದರಿಂದ ಮೂಲಭೂತ ಹಕ್ಕುಗಳ ಪರೀಕ್ಷೆಗೆ ಅದೂ ಒಳಪಟ್ಟಿದೆ. ರೂಢಿಯೇ ಮೌನವಾಗಿದ್ದರೆ ಏನು ಮಾಡಬೇಕು? ಛತ್ತೀಸಗಢದ ಗೋಂಡ ಕುಟುಂಬವೊಂದರ ಮೊಕದ್ದಮೆಯಲ್ಲಿ ಈ ಪ್ರಶ್ನೆ ಎದ್ದಿತು. ಅನುಸೂಚಿತ ಬುಡಕಟ್ಟಾದುದರಿಂದ ಹಿಂದೂ ಉತ್ತರಾಧಿಕಾರ ಅಧಿನಿಯಮ ಅವರಿಗೆ ಅನ್ವಯಿಸದು. ತಮ್ಮ ತಾಯಿಗೆ ಬರಬೇಕಾಗಿದ್ದ ಪಾಲನ್ನು ಅಜ್ಜನ ಆಸ್ತಿಯಲ್ಲಿ ಕೊಡಿರೆಂದು ಮಗಳ ಮಕ್ಕಳು ಕೇಳಿದರು. ಹೆಣ್ಣುಮಕ್ಕಳಿಗೆ ಪಾಲಿದೆಯೆಂಬ ರೂಢಿಯನ್ನು ನೀವು ಸಾಧಿಸಿಲ್ಲವೆಂದು ಕೆಳಗಿನ ನ್ಯಾಯಾಲಯಗಳೂ ಹೈಕೋರ್ಟೂ ಅವರನ್ನು ಬರಿಗೈಯಲ್ಲಿ ಕಳುಹಿದವು. ಹೆಣ್ಣುಮಕ್ಕಳಿಗೆ ಪಾಲಿಲ್ಲವೆಂಬ ರೂಢಿಯನ್ನು ಎದುರು ಕಡೆಯವರೂ ಸಾಧಿಸಿರಲಿಲ್ಲ. ಅದನ್ನು ಮಾತ್ರ ಯಾರೂ ಕೇಳಿರಲಿಲ್ಲ. 2025ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಕೇಳಿತು. ಇಲ್ಲವೆಂಬ ರೂಢಿ ತೋರಿಬರದಿರುವಾಗ ಇಲ್ಲವೆಂದೇ ಹಿಡಿಯುವುದು ಸಮಾನತೆಗೆ ವಿರುದ್ಧವೆಂದು ಹೇಳಿ, ಮಗಳ ಪಾಲನ್ನು ಗಂಡುಮಕ್ಕಳ ಪಾಲಿಗೆ ಸಮನಾಗಿ ಅವಳ ವಾರಸುದಾರರಿಗೆ ಕೊಡಿಸಿತು.